ಎಡಗಣ್ಣಿನ ಸುಳ್ಳು

"ಕಣ್ಣು ಕಿರಿದು ಮಾಡ್ಬೇಡಿ!"

"ಮಾಡಿಲ್ಲ ಮೇಡಂ. ನನ್ನ ಕಣ್ಣೇ ಇಷ್ಟು."

"ಈಗ ತಾನೇ ಇದಕ್ಕಿಂತ ದೊಡ್ಡದಿತ್ತು."

"ಬೈಸಿಕೊಂಡ ಮೇಲೆ ಚಿಕ್ಕದಾಯ್ತು."

ಮಬ್ಬುಗತ್ತಲೆಯ ಆ ಕೋಣೆಯಲ್ಲಿ ಇದ್ದದ್ದು ಒಂದು ಕುರ್ಚಿ, ನಾಲ್ಕು ಮೀಟರ್ ದೂರದಲ್ಲಿ ಅಕ್ಷರಗಳ ಚಾರ್ಟ್ ಇಟ್ಟ ಬೆಳಕಿನ ಪೆಟ್ಟಿಗೆ, ಮತ್ತು ಅವರಿಬ್ಬರು. ದೃಷ್ಟಿ ಅಳೆಯುವವರು ಆ ಕೋಣೆಯಲ್ಲಿ ಏನೇನು ಹೇಳಬಹುದು ಎಂದು ಬರೆದಿಟ್ಟ ಏಳು ವಾಕ್ಯಗಳಿದ್ದವು. ಅದರಾಚೆ ಒಂದು ಮಾತೂ ಆಡುವಂತಿರಲಿಲ್ಲ. ಅವನು ಬಂದು ಕೂತು ಐದು ನಿಮಿಷವೂ ಆಗಿರಲಿಲ್ಲ, ಅವಳು ಆಗಲೇ ನಾಲ್ಕು ವಾಕ್ಯ ಹೆಚ್ಚಿಗೆ ಆಡಿದ್ದಳು.

ಅವಳಿಗೆ ಮೂವತ್ತೊಂದು ವರ್ಷ. ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಸಂಶೋಧನಾ ವಿಭಾಗದಲ್ಲಿ ಕೆಲಸ. ದಿನವಿಡೀ ದೊಡ್ಡವರನ್ನು ಕೂರಿಸಿಕೊಂಡು ಅಕ್ಷರ ಓದಿಸುತ್ತಾಳೆಂದು ಇಡೀ ಆಸ್ಪತ್ರೆ ಅವಳನ್ನು 'ಟೀಚರ್' ಎಂದೇ ಕರೆಯುತ್ತಿತ್ತು.

ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್. ವಯಸ್ಸು ಮೂವತ್ತನಾಲ್ಕು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಹೋಗಿರಲಿಲ್ಲ.

"ಎಡಗಣ್ಣಿಂದ ಓದಿ. ನಿಧಾನವಾಗಿ. ಗೊತ್ತಾಗದಿದ್ದರೆ ಊಹೆ ಮಾಡಿ ಹೇಳಿ."

"ಈ ಅಕ್ಷರ ಬರೆದವರು ಯಾರು ಮೇಡಂ? ಜೀವಾನೇ ಇಲ್ಲ. ಆ 'ಆರ್' ನೋಡಿ, ಕಾಲು ಉಳುಕಿಸಿಕೊಂಡ ಹಾಗೆ ನಿಂತಿದೆ."

"ಅದು 'ಆರ್' ಅಲ್ಲ."

ಮಾತು ಅವಳ ಬಾಯಿ ಜಾರಿ ಬಿದ್ದಿತ್ತು.

ಅವನ ಕುತ್ತಿಗೆ ಸ್ವಲ್ಪ ಮುಂದೆ ಬಂತು.

"...ಅಲ್ವಾ?"

ಅದು 'ಕೆ' ಆಗಿತ್ತು. ಹದಿನಾಲ್ಕನೇ ವಯಸ್ಸಿನಿಂದ ಅಕ್ಷರ ಬರೆದೇ ಅನ್ನ ತಿಂದವನು ಬೆರಳಗಲದ ಅಕ್ಷರವೊಂದನ್ನು ಗುರುತಿಸಲಾರದೆ ಕೂತಿದ್ದ. ಕುರ್ಚಿಯ ಕೈಹಿಡಿಯನ್ನು ಅವನ ಬೆರಳುಗಳು ಬಿಗಿಯಾಗಿ ಹಿಡಿದದ್ದು ಅವಳಿಗೆ ಕಾಣಿಸಿತು.

ಓದಿದ್ದು ಸರಿಯೋ ತಪ್ಪೋ ರೋಗಿಗೆ ಹೇಳಬಾರದೆಂಬುದು ಆ ಕೋಣೆಯ ಮೊದಲ ನಿಯಮ. ಐದು ವರ್ಷಗಳಲ್ಲಿ ಅವಳು ಅದನ್ನು ಮುರಿದದ್ದು ಅಂದೇ ಮೊದಲು.

'ಇವನೊಬ್ಬ ರೋಗಿ. ಪಟ್ಟಿಯಲ್ಲಿ ಹದಿನೇಳನೆಯವನು. ಅಷ್ಟೇ...' ಎಂದುಕೊಂಡು ಹಾಳೆಯ ಮೇಲೆ ಗೀಟು ಹಾಕಿದಳು.

ಅವನ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ತಿಳಿಯಾಗಿರುವ ಪೊರೆಗೆ ಕಾರ್ನಿಯಾ ಎನ್ನುತ್ತಾರೆ. ಕೆಲವು ಮನೆತನಗಳಲ್ಲಿ ಆ ಗಾಜಿನೊಳಗೆ ವರ್ಷದಿಂದ ವರ್ಷಕ್ಕೆ ಬಿಳಿ ಚುಕ್ಕೆ, ಗೆರೆಗಳು ಕಟ್ಟುತ್ತಾ ಹೋಗುತ್ತವೆ. ಜಗತ್ತು ಮಂಜಾಗುತ್ತದೆ. ಒಮ್ಮೊಮ್ಮೆ ಬೆಳಿಗ್ಗೆ ರೆಪ್ಪೆ ತೆರೆಯುವಾಗ ಮೇಲಿನ ಪದರವೇ ಕಿತ್ತು ಬಂದು, ಕಣ್ಣಿಗೆ ಮರಳು ತುಂಬಿದಂತೆ ನೋವು.

ಅದಕ್ಕೊಂದು ಹೊಸ ಡ್ರಾಪ್ಸ್ ಪರೀಕ್ಷೆಯಲ್ಲಿತ್ತು. ನಲವತ್ತು ರೋಗಿಗಳು, ಒಂದು ವರ್ಷ. ಒಂದು ಕಣ್ಣಿಗೆ ನಿಜವಾದ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಹನಿ. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ.

ಒಪ್ಪಿಗೆ ಪತ್ರವನ್ನು ಅವನಿಗೆ ಓದಿ ಹೇಳಿದ್ದು ಅವಳೇ.

"ಈ ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ."

"ಗೊತ್ತು ಮೇಡಂ. ನಮ್ಮಪ್ಪ ಆಸ್ತಿ ಅಂತ ಬಿಟ್ಟು ಹೋಗಿದ್ದು ಇದೊಂದೇ. ಅಕ್ಕನೂ ನಾನೂ ಜಗಳ ಇಲ್ಲದೆ ಸಮಪಾಲು ಹಂಚಿಕೊಂಡಿದ್ದೀವಿ."

ನಗಬಾರದು ಎಂದುಕೊಂಡಳು. ನಗು ಬಂದೇಬಿಟ್ಟಿತು.

"ಓದಿದ ಅಕ್ಷರಗಳ ಲೆಕ್ಕ ಮೊದಲ ದಿನಕ್ಕಿಂತ ಹತ್ತು ಕಮ್ಮಿಯಾದರೆ ನಿಮ್ಮನ್ನು ಪರೀಕ್ಷೆಯಿಂದ ಹೊರಗೆ ಕಳಿಸಿ, ಬೇರೆ ಚಿಕಿತ್ಸೆ ಕೊಡ್ತಾರೆ."

"ಹತ್ತು ಕಮ್ಮಿ ಆದ್ರೆ ಫೇಲು. ಸರಿ ಟೀಚರ್."

ಮೇಡಂ ಹೋಗಿ ಟೀಚರ್ ಆಗಿದ್ದು ಹೀಗೆ.

ಪ್ರತಿ ಗುರುವಾರ ವಿಭಾಗದ ಫೋನಿನಿಂದ ರೋಗಿಗಳನ್ನು ವಿಚಾರಿಸಿಕೊಳ್ಳುವುದು ಅವಳ ಕೆಲಸ. ನಾಲ್ಕೇ ಪ್ರಶ್ನೆ. ಎಷ್ಟು ನಿಮಿಷ ಮಾತಾಡಿದ್ದೆಂದು ರಿಜಿಸ್ಟರಿನಲ್ಲಿ ಬರೆದಿಡಬೇಕು.

"ಡ್ರಾಪ್ಸ್ ನಾಲ್ಕು ಹೊತ್ತೂ ಹಾಕಿದ್ರಾ?"

"ಹಾಕಿದೆ."

"ಉರಿ?"

"ಕಣ್ಣುರಿ ಇಲ್ಲ. ಹೊಟ್ಟೆಯುರಿ ಇದೆ."

"ಯಾರ ಮೇಲೆ?"

"ಪ್ರಿಂಟಿಂಗ್ ಮಷೀನ್ ಮೇಲೆ. ನಾನು ಮೂರು ದಿನ ಬರೆಯೋ ಬೋರ್ಡನ್ನ ಮೂರು ನಿಮಿಷಕ್ಕೆ ಉಗುಳುತ್ತೆ ಟೀಚರ್! ಆದ್ರೆ ಬಿಸಿಲಿಗೆ ಎರಡೇ ವರ್ಷ ಅದು. ನಾನು ಬರೆದಿದ್ದು ಅಂಗಡಿ ಮುಚ್ಚಿದ್ರೂ ಇರುತ್ತೆ."

ಮೊದಲ ವಾರ ನಾಲ್ಕು ನಿಮಿಷ. ನಾಲ್ಕನೇ ವಾರ ಒಂಬತ್ತು. ಮೂರನೇ ತಿಂಗಳಿಗೆ ಇಪ್ಪತ್ತೆರಡು.

ಹದಿನೇಳನೇ ನಂಬರನ್ನು ಪಟ್ಟಿಯ ಕೊನೆಗೆ ಇಟ್ಟುಕೊಳ್ಳುತ್ತಿದ್ದೇನೆ ಎಂಬುದನ್ನು ಅವಳು ಬಹಳ ದಿನ ತನಗೇ ಹೇಳಿಕೊಳ್ಳಲಿಲ್ಲ. 'ಇವನು ಮಾತು ಜಾಸ್ತಿ, ಮೊದಲು ಮಾಡಿದರೆ ಉಳಿದವರಿಗೆ ತಡವಾಗುತ್ತೆ. ಅದಕ್ಕೇ...'

"ನಿಜ ಹೇಳಿ ಟೀಚರ್, ಯಾವ ಬಾಟ್ಲಿ ಅಸಲಿ?" ಎಂದು ಒಮ್ಮೆ ಕೇಳಿದ.

"ನಂಗೂ ಗೊತ್ತಿಲ್ಲ."

"ಗೊತ್ತಿದ್ರೆ?"

"ಗೊತ್ತಿದ್ರೂ ಹೇಳಲ್ಲ."

"ಅದಕ್ಕೇ ನಿಮ್ಮನ್ನ ಕಂಡ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ. ಅವಳೂ ಮುಂದೆ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ರಿಜಿಸ್ಟರಿನಲ್ಲಿ ಬರೆದಳು: ತೊಂದರೆ ಏನೂ ಇಲ್ಲ.

ಮನೆಯಲ್ಲಿ ಅಮ್ಮ ಗಮನಿಸಿದ್ದರು.

"ಗುರುವಾರ ಬಂದ್ರೆ ನಿನ್ನ ಮುಖ ನೋಡೋಕೆ ಚೆಂದ ಕಣೇ. ಏನು ಸಮಾಚಾರ?"

"ಗುರುವಾರ ಕ್ಯಾಂಟೀನಲ್ಲಿ ಊಟ ಚೆನ್ನಾಗಿರುತ್ತೆ."

"ಊಟ ಮಾಡಿದೋರ ಮುಖ ನಂಗೆ ಗೊತ್ತು" ಎಂದರು ಅಮ್ಮ.

ಆರು ವಾರಕ್ಕೊಮ್ಮೆ ಅವನು ಆಸ್ಪತ್ರೆಗೆ ಬರುತ್ತಿದ್ದ. ಬಲಗಣ್ಣಿಗೆ ಒಂದು ಚಾರ್ಟ್, ಎಡಗಣ್ಣಿಗೆ ಇನ್ನೊಂದು. ಎಡಗಣ್ಣು ಮೊದಲ ದಿನ ನಲವತ್ತು ಅಕ್ಷರ ಓದಿತ್ತು. ಎರಡನೇ ಸಲ ಮೂವತ್ತೈದು. ಮೂರನೇ ಸಲ ನಲವತ್ತೆರಡು. ನಾಲ್ಕನೇ ಸಲ ನಲವತ್ತನಾಲ್ಕು!

"ಎಡಗಣ್ಣಿಗೇ ಔಷಧ ಬಿದ್ದಿರಬೇಕು" ಎಂದು ವಿಭಾಗದ ಮುಖ್ಯಸ್ಥೆ ದೊಡ್ಡ ಡಾಕ್ಟರ್ ಒಂದು ಮಧ್ಯಾಹ್ನ ಹೇಳಿದರು. ಆಮೇಲೆ ಕಂಪ್ಯೂಟರಿನಲ್ಲಿ ಅವನ ಕಾರ್ನಿಯಾದ ಫೋಟೋಗಳನ್ನು ನೋಡುತ್ತ, "ಫೋಟೋದಲ್ಲಿ ಮಾತ್ರ ಚುಕ್ಕೆ ಕಮ್ಮಿಯಾದ ಹಾಗಿಲ್ಲ... ನೋಡೋಣ" ಎಂದರು.

ಟೀಚರ್ ಫೋಟೋಗಳನ್ನು ನೋಡಿದಳು. ಚುಕ್ಕೆಗಳು ಹೆಚ್ಚಾಗಿದ್ದವು. ಅದು ಅವಳಿಗೆ ಕಂಡಿತ್ತು. ಕಂಡದ್ದನ್ನು ಪಕ್ಕಕ್ಕಿಟ್ಟಳು.

ಐದನೇ ಸಲ ಅವನು ಬಂದಾಗ ಎಡಗಣ್ಣು ಕೆಂಪಾಗಿತ್ತು, ನೀರು ಇಳಿಯುತ್ತಿತ್ತು.

"ಏನಾಯ್ತು? ನೋವಿದೆಯಾ?"

"ದೂಳು ಟೀಚರ್. ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ."

ಬಲಗಣ್ಣು ಮುಗಿಯಿತು. ಚಾರ್ಟ್ ಬದಲಿಸಲು ಎದ್ದಳು. ಅಷ್ಟರಲ್ಲಿ ಅವನು ಬೇಕರಿಯವನೊಬ್ಬನ ಕತೆ ತೆಗೆದ. ಬೋರ್ಡಿನಲ್ಲಿ ಕಾಗುಣಿತ ತಪ್ಪಿದೆ ಎಂದು ಅವನು ಜಗಳಕ್ಕೆ ಬಂದನಂತೆ. ಆಮೇಲೆ ನೋಡಿದರೆ ಇಷ್ಟು ವರ್ಷ ತನ್ನ ಹೆಸರನ್ನೇ ತಪ್ಪಾಗಿ ಬರೆಯುತ್ತಿದ್ದವನು ಆ ಬೇಕರಿಯವನೇ! ಅವಳು ನಗುತ್ತ ನಗುತ್ತ ಬಂದು ಕೂತಳು.

"ಎಡಗಣ್ಣಿಂದ ಓದಿ."

"ಡಿ... ಎಸ್... ಆರ್... ಕೆ... ಎನ್..."

ಅವಳ ಪೆನ್ನು ನಿಂತಿತು.

ಬೆಳಕಿನ ಪೆಟ್ಟಿಗೆಯಲ್ಲಿ ಇದ್ದದ್ದು ಇನ್ನೂ ಬಲಗಣ್ಣಿನ ಚಾರ್ಟ್. ನಗುವಿನಲ್ಲಿ ಅದನ್ನು ಬದಲಿಸುವುದನ್ನೇ ಮರೆತಿದ್ದಳು. ಅಲ್ಲಿದ್ದ ಮೊದಲ ಅಕ್ಷರ 'ಎನ್'. ಎರಡನೆಯದು 'ಸಿ'.

ಅವನು ಓದುತ್ತಲೇ ಹೋದ. ಎರಡನೇ ಸಾಲು, ಮೂರನೇ ಸಾಲು. ನಡುನಡುವೆ ಯೋಚಿಸುವಂತೆ ತಡೆದ, ಒಂದೆರಡು ಕಡೆ ಬೇಕೆಂದೇ ತಪ್ಪಿದ. ಎದುರಿಗೆ ಇಲ್ಲದ ಚಾರ್ಟನ್ನು ನಲವತ್ತಾರು ಅಕ್ಷರದವರೆಗೆ ಓದಿ ನಿಲ್ಲಿಸಿದ.

"ಈ ಸಲ ಎರಡು ಜಾಸ್ತಿ ಅಲ್ವಾ ಟೀಚರ್?"

ಅವಳು ಎದ್ದು ಲೈಟ್ ಹಾಕಿದಳು.

"ಯಾವಾಗಿಂದ?"

ಅವನು ಚಾರ್ಟಿನತ್ತ ತಿರುಗಿದ, ಅವಳತ್ತ ತಿರುಗಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"...ಮೂರನೇ ಸಲದಿಂದ."

"ಎಲ್ಲಿ ಸಿಕ್ತು ಚಾರ್ಟು?"

"ಎರಡನೇ ಸಲ ಬಂದಾಗ ನೀವು ಸಹಿ ಹಾಕಿಸೋಕೆ ಹೋಗಿದ್ರಿ. ಲೈಟು ಉರೀತಾನೇ ಇತ್ತು. ಅಕ್ಷರ ಅಲ್ವಾ ಅಂತ ಸುಮ್ನೆ ಹತ್ತಿರ ಹೋಗಿ ನೋಡಿದೆ. ನೋಡಿದ ಅಕ್ಷರ ನಾನು ಮರೆಯಲ್ಲ."

"ಯಾಕೆ ಮಾಡಿದ್ರಿ?"

"ಹೊರಗೆ ಹಾಕ್ತಾರೆ ಅಂತ..."

ಯಾವ ಬಾಟ್ಲಿ ಅಸಲಿ? ಅದಕ್ಕೇ ನಿಮ್ಮನ್ನ ಕಂಡ್ರೆ... ಎಲ್ಲವೂ ಒಂದಕ್ಕೊಂದು ಸೇರಿಕೊಂಡವು. ತಪ್ಪಾಗಿ ಸೇರಿಕೊಂಡವು. ಅದು ಆಗ ಅವಳಿಗೆ ಗೊತ್ತಾಗಲಿಲ್ಲ.

"ಔಷಧಿಗೋಸ್ಕರನಾ ಇಷ್ಟೆಲ್ಲಾ? ಆ ಮಾತು, ಆ ನಗು... ಟೀಚರ್ ಹತ್ರ ಚೆನ್ನಾಗಿದ್ರೆ ಅವಳು ಕಣ್ಣು ಮುಚ್ಕೊಂಡು ಬರ್ಕೋತಾಳೆ ಅಂತ!"

ನಿಜವಾದ ಕಾರಣ ಅವನ ಬಾಯಿಗೆ ಬಂದಿತ್ತು. ಅದನ್ನು ಆ ಕೋಣೆಯಲ್ಲಿ ಹೇಳಿದರೆ ಆ ಇಪ್ಪತ್ತೆರಡು ನಿಮಿಷಗಳ ಫೋನು ಇವಳ ಕುತ್ತಿಗೆಗೇ ಬರುತ್ತದೆ ಎಂದು ಅವನಿಗೆ ಹೊಳೆಯಿತು.

"ತಪ್ಪಾಯ್ತು" ಎಂದಷ್ಟೇ ಹೇಳಿದ.

"ಎದ್ದೇಳಿ."

ಅವನು ಎದ್ದು ಹೋದ. ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿತು. ಅವಳು ನೋಡಿದಳು, ಕರೆಯಲಿಲ್ಲ.

ವರದಿ ಬರೆಯಲು ಅವಳಿಗೆ ಹದಿನೈದು ನಿಮಿಷ ಸಾಕಾಯಿತು. ಇದ್ದದ್ದನ್ನು ಇದ್ದಂತೆ ಬರೆದಳು. ಚಾರ್ಟ್ ಬದಲಿಸಲು ಮರೆತದ್ದನ್ನೂ, ಎರಡನೇ ಸಲ ಲೈಟ್ ಆರಿಸದೆ ಹೊರಗೆ ಹೋದದ್ದನ್ನೂ ಬರೆದಳು.

ದೊಡ್ಡ ಡಾಕ್ಟರ್ ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು.

"ಫೋಟೋ ಒಂದು ಹೇಳ್ತಿತ್ತು, ಓದು ಒಂದು ಹೇಳ್ತಿತ್ತು. ನಿನಗೆ ಅನುಮಾನ ಬರ್ಲಿಲ್ವಾ?"

"ಬರ್ಲಿಲ್ಲ ಮೇಡಂ."

ಆಮೇಲೆ ಅವಳೇ ಹೇಳಿದಳು. "ಬರಬಾರದು ಅಂತ ನನಗಿತ್ತು ಅನ್ಸುತ್ತೆ."

ಪರೀಕ್ಷೆ ನಡೆಸುವ ಸಂಸ್ಥೆಯಿಂದ ಇಬ್ಬರು ಬಂದು ಎರಡು ದಿನ ಎಲ್ಲಾ ಫೈಲುಗಳನ್ನು ತೆಗೆದು ನೋಡಿದರು. ಹದಿನೇಳನೇ ರೋಗಿಯ ಲೆಕ್ಕ ತೆಗೆದುಹಾಕಿದರು. ಉಳಿದ ಮೂವತ್ತೊಂಬತ್ತು ಸರಿಯಾಗಿದ್ದವು. ಪರೀಕ್ಷೆ ಉಳಿಯಿತು. ಟೀಚರ್ ಉಳಿಯಲಿಲ್ಲ. ಅವಳನ್ನು ನೆಲಮಹಡಿಯ ಕನ್ನಡಕ ವಿಭಾಗಕ್ಕೆ ಕಳಿಸಿದರು.

ಶಿಕ್ಷೆ ಅನ್ಯಾಯದ್ದು ಎಂದು ಅವಳಿಗೆ ಅನ್ನಿಸಲಿಲ್ಲ. ದಿನವಿಡೀ ಜನರ ಮೂಗಿನ ಅಗಲ ಅಳೆದಳು, ಫ್ರೇಮ್ ಬಗ್ಗಿಸಿದಳು. ಗುರುವಾರ ಮಧ್ಯಾಹ್ನಗಳು ಮಾತ್ರ ಬೇರೆ ದಿನಗಳಿಗಿಂತ ಉದ್ದವಾಗಿದ್ದವು.

'ನಾಟಕ ಆಡಿದವನಿಗೋಸ್ಕರ ಯಾಕೆ ಇಷ್ಟು ಸಂಕಟ? ನನಗೇನು ಬಂದಿದೆ ಕೇಡುಗಾಲ...'

ಎರಡು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಕೌಂಟರಿನ ಮುಂದೆ ನಲವತ್ತು ದಾಟಿದ ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಕಾರ್ಖಾನೆ ಕ್ಯಾಂಟೀನಿನ ಅಡುಗೆಯವರ ಏಪ್ರನ್ ಮಡಿಸಿ ಹಿಡಿದಿದ್ದಳು. ಎದುರಿಗಿದ್ದವರ ಮುಖ ಕಾಣಲು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದಳು.

"ಟೀಚರ್ ಅಂದ್ರೆ ನೀವೇನಾ?"

"ಹೌದು. ಚೀಟಿ ಕೊಡಿ."

"ಚೀಟಿ ಇಲ್ಲ. ನಾನು ಆ ಪೇಂಟರ್ ಅಕ್ಕ."

ಟೀಚರ್ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟಳು.

ಅಕ್ಕನನ್ನು ಒಳಗೆ ಕೂರಿಸಿದಳು. ಅವಳ ಬಲಗಣ್ಣಿಗೆ ದಾನಿಯೊಬ್ಬರ ಕಾರ್ನಿಯಾ ಹಾಕಿ ಒಂಬತ್ತು ವರ್ಷವಾಗಿತ್ತು. ಈಗ ಆ ಹೊಸ ಗಾಜಿನಲ್ಲೂ ಹಳೆಯ ಚುಕ್ಕೆಗಳು ಮೂಡಿದ್ದವು. ಕಸಿ ಮಾಡಿಸಿಕೊಂಡವರನ್ನು ಈ ಪರೀಕ್ಷೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲ ಹಂತ ಗೆದ್ದರೆ ಎರಡನೇ ಹಂತದಲ್ಲಿ ಅವಳಿಗೆ ಅವಕಾಶ.

"ನನ್ನ ಎರಡು ಕಣ್ಣೂ ಆ ಔಷಧಿ ದಾರಿ ಕಾಯ್ತಾ ಕೂತಿವೆ. ಇವನು ಇಲ್ಲಿ ಸುಳ್ಳು ಓದಿದಾನೆ! ಬಂದು ಹೇಳ್ದಾಗ ಬೆನ್ನ ಮೇಲೆ ನಾಲ್ಕು ಬಾರಿಸಿದೆ. ಮೂವತ್ತನಾಲ್ಕು ವರ್ಷದ ಕತ್ತೆ, ತಲೆ ತಗ್ಗಿಸಿ ಹೊಡೆಸಿಕೊಂಡ."

"ಅವರೇ ಹೇಳಿದ್ರಾ?"

"ಮಾರನೇ ದಿನಾನೇ. ನಿಮ್ಮ ದೊಡ್ಡ ಡಾಕ್ಟರ್ ಹತ್ರಾನೂ ಹೋಗಿ ಬರೆದು ಕೊಟ್ಟು ಬಂದ. ಟೀಚರಿಗೆ ಏನೂ ಗೊತ್ತಿರಲಿಲ್ಲ, ತಪ್ಪೆಲ್ಲಾ ನನ್ನದು ಅಂತ. ಅವರು ಹೇಳ್ಲಿಲ್ವಾ ನಿಮಗೆ?"

ಹೇಳಿರಲಿಲ್ಲ. ರೋಗಿ ಬರೆದುಕೊಟ್ಟದ್ದನ್ನು ತನಿಖೆಯಲ್ಲಿರುವ ನೌಕರಳಿಗೆ ತೋರಿಸುವಂತಿರಲಿಲ್ಲ.

"ಔಷಧಿ ಬೇಕೂಂತ ಮಾಡಿದ್ರು ಅಲ್ವಾ?" ಎಂದಳು ಟೀಚರ್.

"ಔಷಧೀನಾ?" ಅಕ್ಕ ಅವಳನ್ನೇ ದಿಟ್ಟಿಸಿದಳು. "ಎಡಗಣ್ಣಿಗೆ ಹಾಕ್ತಿರೋದು ಬರೀ ನೀರು ಅಂತ ಅವನಿಗೆ ಮೂರನೇ ತಿಂಗಳಿಗೇ ಅನ್ನಿಸಿತ್ತಮ್ಮ. ಗುರುವಾರದ ಫೋನಿಗೋಸ್ಕರ ಮಾಡಿದ! ಇಷ್ಟು ದೊಡ್ಡೋರು ನೀವಿಬ್ರು, ನಿಮಗೆ ಇದನ್ನ ನಾನು ಬಂದು ಬಿಡಿಸಿ ಹೇಳ್ಬೇಕಾ?"

ಟೀಚರ್ ಎದ್ದು ಕೋಣೆಯ ಬಾಗಿಲು ಮುಚ್ಚಿದಳು.

"ಈಗ ದಿನ ಬಿಟ್ಟು ದಿನ ಕಣ್ಣಿನ ಸಿಪ್ಪೆ ಏಳ್ತಿದೆ. ಲೇಸರ್ ಮಾಡಿಸ್ಕೋ ಅಂದ್ರೆ ಆ ಆಸ್ಪತ್ರೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತಾನೆ. ನೀವು ಒಂದು ಮಾತು ಹೇಳಿ. ಬೈದಾದ್ರೂ ಹೇಳಿ."

ಮರುದಿನ ಮಧ್ಯಾಹ್ನ ಅವಳು ರಜೆ ಹಾಕಿ ಹೊರಟಳು. ಅಕ್ಕ ಹೇಳಿದ ವಿಳಾಸ ಊರ ಹೊರಗಿನ ಗೋದಾಮು. ಬಸ್ಸಿಳಿದು ಉದ್ದನೆಯ ಕಾಂಪೌಂಡಿನ ಪಕ್ಕ ನಡೆದಳು. ಗೋಡೆಯ ಕೊನೆಯಲ್ಲಿ, ಎರಡಾಳೆತ್ತರದ ಅಟ್ಟಣಿಗೆಯ ಮೇಲೆ ಅವನು ನಿಂತಿದ್ದ. ಆಳೆತ್ತರದ ಅಕ್ಷರಗಳನ್ನು ಬರೆಯುತ್ತಿದ್ದ. ಚಿಕ್ಕ ಬೋರ್ಡುಗಳ ಕೆಲಸವನ್ನು ಅವನು ಬಿಟ್ಟಿದ್ದನೆಂದು ಅಕ್ಕ ಹೇಳಿದ್ದಳು.

"ಇಳೀರಿ ಕೆಳಗೆ."

ಬ್ರಷ್ ನಿಂತಿತು. ಅಷ್ಟು ದೂರದಿಂದ ಮುಖ ಕಾಣುವ ಹಾಗಿರಲಿಲ್ಲ. ದನಿ ಸಾಕಾಗಿತ್ತು.

"ಟೀಚರ್...?"

"ಇಳೀರಿ ಅಂದೆ!"

ಅವನು ಮೆಟ್ಟಿಲುಗಳನ್ನು ಕಾಲಿನಿಂದ ತಡವುತ್ತ ಇಳಿದು ಬಂದ. ಎರಡು ತಿಂಗಳಲ್ಲಿ ಇಳಿದು ಹೋಗಿದ್ದ. ಬಸ್ಸಿನಲ್ಲಿ ಅವಳು ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಿಮ್ಮಕ್ಕ ಬಂದಿದ್ರು."

"ಹೇಳಿಬಿಟ್ಳಾ?"

"ಹೇಳಿದ್ರು. ನಿಮ್ಮ ಬಾಯಿಂದ ಕೇಳ್ಬೇಕು."

ಅವನು ಬ್ರಷ್ಷನ್ನು ಹಳೆ ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮೂರನೇ ಸಲ ಬಂದಾಗ ಎಡಗಣ್ಣಿಗೆ ಸರಿಯಾಗಿ ಏನೂ ಕಾಣ್ಲಿಲ್ಲ. ಹತ್ತು ಕಮ್ಮಿಯಾದ್ರೆ ಹೊರಗೆ ಅಂತ ನೀವೇ ಓದಿದ್ರಲ್ಲ. ಹೊರಗೆ ಹೋದ್ರೆ ಗುರುವಾರ ಫೋನ್ ಬರಲ್ಲ. ಅದೊಂದೇ ತಲೇಲಿ ಇದ್ದಿದ್ದು."

"ಅಷ್ಟೇನಾ?"

"ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ರೆ ಚೆನ್ನಾಗಿರ್ತಿತ್ತು. ಇಲ್ಲ."

ರಸ್ತೆಯಲ್ಲಿ ಲಾರಿಯೊಂದು ಹೋಯಿತು. ದೂಳು ತಗ್ಗುವವರೆಗೆ ಅವನು ಎರಡೂ ಕಣ್ಣು ಮುಚ್ಚಿ ನಿಂತಿದ್ದ.

"ಉಳಿದ ಮೂವತ್ತೊಂಬತ್ತು ಜನ ಕಾಣದಿದ್ರೆ ಕಾಣಲ್ಲ ಅಂತ ಹೇಳಿದ್ರು. ಅವರಿಗೂ ಭಯ ಇತ್ತು" ಎಂದಳು. "ನಿಮ್ಮಕ್ಕ ಆ ಔಷಧಿ ಹಾಕ್ಕೊಳ್ಳೋ ದಿನ ಬಂದ್ರೆ, ಅದು ಆ ಮೂವತ್ತೊಂಬತ್ತು ಜನರಿಂದ. ನಿಮ್ಮಿಂದ ಅಲ್ಲ."

"ಗೊತ್ತು."

"ನಂಗೆ ಇನ್ನೂ ಕೋಪ ಇದೆ."

"ಇರ್ಲಿ."

"ಒಂದು ಮಾತು ಕೇಳಬಹುದಿತ್ತಲ್ಲ ನನ್ನನ್ನ?"

"ಕೇಳಿದ್ರೆ ಏನಂತಿದ್ರಿ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಅದು ಜಾಗವಲ್ಲ.

"ಪರೀಕ್ಷೆ ಮುಗಿಯೋವರೆಗೂ ಆಗಲ್ಲ ಅಂತಿದ್ದೆ."

"ಮುಗಿದ ಮೇಲೆ?"

"ಮುಗಿದ ಮೇಲೆ..." ಅವಳು ಗೋಡೆಯ ಕಡೆ ನೋಡಿದಳು. "ನಾನೇ ಫೋನ್ ಮಾಡ್ತಿದ್ದೆ."

ಅವನ ಕೈಯಿಂದ ಬ್ರಷ್ ಬಿತ್ತು. ಬಗ್ಗಿ ಹುಡುಕಿದ. ಒಂದು ಗೇಣು ಪಕ್ಕದಲ್ಲಿ ಬಿದ್ದಿದ್ದರೂ ಕೈ ಬೇರೆ ಕಡೆ ತಡಕಾಡುತ್ತಿತ್ತು. ಅವಳು ಎತ್ತಿಕೊಟ್ಟಳು. ಕೋಪ ಎಲ್ಲಿಗೆ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಪೂರ್ತಿ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಾಗಿತ್ತು.

"ಟೀಚರ್, ನೀವು ಬಂದಿದ್ದೇ ಸಾಕು. ಮುಂದಕ್ಕೆ ಯೋಚನೆ ಮಾಡ್ಬೇಡಿ. ನನಗೆ ಮಕ್ಕಳಾದ್ರೆ ಅವಕ್ಕೂ ಅರ್ಧಕ್ಕರ್ಧ..."

"ಗೊತ್ತು. ಅದನ್ನ ನಿಮಗೆ ಓದಿ ಹೇಳಿದ್ದೇ ನಾನು."

ಅವನು ಬ್ರಷ್ಷನ್ನು ಬಣ್ಣದ ಡಬ್ಬಿಯೊಳಗಿಟ್ಟ.

"ಅದೆಲ್ಲಾ ಆಮೇಲಿನ ಮಾತು" ಎಂದಳು. "ಮೊದಲು ಕಣ್ಣು. ಸೋಮವಾರ ಹತ್ತು ಗಂಟೆಗೆ ದೊಡ್ಡ ಡಾಕ್ಟರ್ ಇರ್ತಾರೆ. ಬರ್ಬೇಕು."

"ನೀವು ನೋಡ್ತೀರಾ ಕಣ್ಣು?"

"ಇಲ್ಲ. ನಿಮ್ಮ ಕಣ್ಣು ನಾನು ಇನ್ನು ಅಳೆಯಲ್ಲ. ಅಳೆಯೋಕೆ ನಾನು ಲಾಯಕ್ಕಲ್ಲ." ಎರಡು ಹೆಜ್ಜೆ ನಡೆದು ತಿರುಗಿದಳು. "ಯಾಕೆ ಅಂತ ನೀವೇ ಊಹೆ ಮಾಡ್ಕೊಳ್ಳಿ!"

ಅಮ್ಮನಿಗೆ ಹೇಳಿದ್ದು ಭಾನುವಾರ. ಅಮ್ಮ ಬಟ್ಟೆ ಮಡಿಸುತ್ತ ಕೂತಿದ್ದರು.

"ಹಗಲು ಕಂಡ ಬಾವಿಗೆ ರಾತ್ರಿ ಬಿದ್ದ ಹಾಗಾಗುತ್ತೆ ಕಣೇ. ಮಕ್ಕಳಿಗೆ ಬಂದ್ರೆ?"

"ಬರಬಹುದು. ಬರದೇನೂ ಇರಬಹುದು. ಮದುವೆ ಅಂತಾದ್ರೆ ಅದಕ್ಕೆ ಮೊದಲು ಇಬ್ರೂ ಡಾಕ್ಟರ್ ಹತ್ರ ಕೂತು ಕೇಳ್ತೀವಿ. ಮಕ್ಕಳು ಬೇಕಾ ಬೇಡ್ವಾ ಅಂತ ತಿಳ್ಕೊಂಡೇ ತೀರ್ಮಾನ ಮಾಡ್ತೀವಿ. ಕತ್ತಲಲ್ಲಿ ಬೀಳ್ತಿಲ್ಲ ಅಮ್ಮ."

"ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಸಿಕ್ಕಿದ್ರಲ್ಲ, ನೀನೇ ತೋರಿಸ್ದೆ. ಅದ್ರಲ್ಲಿ ಒಬ್ಬನಾದ್ರೂ ಒಂದು ಗಂಟೆ ಮಾತಾಡಿ ನನ್ನನ್ನ ನಗಿಸಿದ್ನಾ?"

ಅಮ್ಮ ಒಂದು ಟವೆಲ್ ಮಡಿಸಿದರು. ಇನ್ನೊಂದು ಮಡಿಸಿದರು.

"ಮನುಷ್ಯ ಹೇಗೆ?"

"ಸುಳ್ಳು ಹೇಳಿದ್ದಾನೆ."

"ಎಷ್ಟು ಸಲ?"

"ಮೂರು ಸಲ. ಆಮೇಲೆ ತಾನೇ ಹೋಗಿ ಒಪ್ಕೊಂಡ."

"ನಿಮ್ಮಪ್ಪ ಜೀವಮಾನದಲ್ಲಿ ಒಂದ್ಸಲಾನೂ ಒಪ್ಕೊಂಡಿರಲಿಲ್ಲ" ಎಂದರು ಅಮ್ಮ. ಬಟ್ಟೆಯ ಗಂಟನ್ನು ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ದನಿ ಬಂತು. "ಕರ್ಕೊಂಡು ಬಾ. ನೋಡೋಣ."

ಸೋಮವಾರ ಅವನು ಬಂದ. ಅಕ್ಕ ತೋಳು ಹಿಡಿದುಕೊಂಡೇ ಕರೆತಂದಿದ್ದಳು. ದೊಡ್ಡ ಡಾಕ್ಟರ್ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಫೋಟೋ ತೋರಿಸಿ, ಮೇಲಿನ ಪದರವನ್ನು ಲೇಸರಿನಿಂದ ತೆಗೆಯುವುದಾಗಿಯೂ, ದೃಷ್ಟಿ ತಿಳಿಯಾಗುವುದಾಗಿಯೂ, ಎಂಟು ಹತ್ತು ವರ್ಷದಲ್ಲಿ ಚುಕ್ಕೆಗಳು ಮತ್ತೆ ಬರಬಹುದೆಂದೂ ಹೇಳಿದರು. ಅಕ್ಕನ ಹೆಸರನ್ನು ಎರಡನೇ ಹಂತದ ಪಟ್ಟಿಗೆ ಬರೆದುಕೊಂಡರು. ಡ್ರಾಪ್ಸ್ ಕೆಲಸ ಮಾಡುತ್ತದೋ ಇಲ್ಲವೋ ಅವರಿಗೂ ಇನ್ನೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಅವರು ನಟಿಸಲೂ ಇಲ್ಲ.

ಲೇಸರ್ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೋವು ಶುರುವಾದದ್ದು ಆಮೇಲೆ, ಮರಗಟ್ಟಿಸುವ ಹನಿಯ ಪ್ರಭಾವ ಇಳಿದಾಗ. ಅಕ್ಕ ಮಧ್ಯಾಹ್ನದ ಪಾಳಿಗೆ ಕ್ಯಾಂಟೀನಿಗೆ ಹೋಗಲೇಬೇಕಿತ್ತು. ಟೀಚರ್ ಕನ್ನಡಕ ವಿಭಾಗದಲ್ಲಿ ಅರ್ಧ ದಿನ ರಜೆ ಬರೆದುಕೊಟ್ಟು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಕಿಟಕಿಯ ಪರದೆ ಎಳೆದಿದ್ದರೂ ಬೆಳಕು ಅವನಿಗೆ ಚುಚ್ಚುತ್ತಿತ್ತು. ಎರಡೂ ಕಣ್ಣು ಮುಚ್ಚಿ ಮಲಗಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಹತ್ತಿಯಿಂದ ಒರೆಸಿದಳು.

"ಅಳ್ತಿಲ್ಲ ನಾನು" ಎಂದ.

"ಗೊತ್ತು."

"ಸ್ವಲ್ಪ ಅಳ್ತಿದ್ದೀನಿ."

"ಅದೂ ಗೊತ್ತು."

ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಆಮೇಲೆ ಸದ್ದಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. ಸ್ಟೂಲಿನ ಅಂಚು ಸಿಕ್ಕಿತು, ಅವಳ ಕೈ ಸಿಗಲಿಲ್ಲ.

"ಟೀಚರ್... ಹೋಗ್ಬಿಟ್ರಾ?"

ಅವಳು ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಇಲ್ಲೇ ಇದ್ದೀನಿ."

"ಎಷ್ಟು ಹೊತ್ತು ಇರ್ತೀರಿ?"

"ನೀವು, ಬನ್ನಿ, ಇರ್ತೀರಿ, ಹೋಗ್ತೀರಿ... ಇಷ್ಟೊಂದು ಮರ್ಯಾದೆ ಕೊಟ್ರೆ ಸಂಜೆ ಡ್ಯೂಟಿ ಮುಗಿದವಳ ಹಾಗೆ ಎದ್ದು ಹೋಗ್ಬೇಕಾಗುತ್ತೆ."

ಅವನ ಬೆರಳುಗಳು ಬಿಗಿಯಾದವು.

"ಹಾಗಾದ್ರೆ... ನೀನು..." ತಡೆದು ಮತ್ತೆ ಹೇಳಿದ. "ನೀನು ಇರ್ತೀಯಾ?"

"ಇರ್ತೀನಿ" ಎಂದಳು ಅವಳು. "ಸುಮ್ನೆ ಮಲಗು."